ಕೇಳಿದ್ದಕ್ಕೆ ಉತ್ತರ: ಮುಖದ ಆಪರೇಷನ್ ಕಲಿಯುವವರ ಕೈಯಲ್ಲಿ ಮೊಬೈಲ್

ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರೆದಿದ್ದೆ. ಬಾಯಿ, ದವಡೆ, ಮುಖದ ಸರ್ಜರಿ ಕಲಿಯುವ ಈಗಿನ ಹುಡುಗರು ಪಾಠದ ದೊಡ್ಡ ಭಾಗವನ್ನು ಮೊಬೈಲ್‌ನಲ್ಲೇ ಕಲಿಯುತ್ತಿದ್ದಾರೆ ಅಂತ. ಈ ತಿಂಗಳು ಬಂದ ಪತ್ರಗಳಲ್ಲಿ ಅದೇ ವಿಷಯ ಜಾಸ್ತಿ. ಹುಬ್ಬಳ್ಳಿ-ಧಾರವಾಡದಲ್ಲಿ ಸುಮಾರು ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಾ, ಕಲಿಸುತ್ತಾ ಬಂದವಳು ನಾನು. ಐದು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

*

ನನ್ನ ಮಗ ಓರಲ್ ಸರ್ಜರಿಯಲ್ಲಿ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷ. ಊರಿಗೆ ಬಂದಾಗ ಊಟಕ್ಕೆ ಕೂತರೂ ಕೈಯಲ್ಲಿ ಫೋನು. ಇಣುಕಿ ನೋಡಿದರೆ ರಕ್ತ, ಹಲ್ಲು, ಎಲುಬು. "ಅವ್ವಾ, ಇದೂ ಓದ" ಅನ್ನುತ್ತಾನೆ. ಇದು ನಿಜವಾಗಿಯೂ ಓದಾ?
— ಒಬ್ಬ ತಾಯಿ, ಗದಗ

ಓದು ಹೌದು ಅಕ್ಕಾವ್ರೇ. ಎಷ್ಟು ಓದು ಅನ್ನುವುದು ಮಾತ್ರ ಅವನು ಫೋನ್ ಕೆಳಗಿಟ್ಟ ಮೇಲೆ ಗೊತ್ತಾಗುತ್ತೆ.

ನಾನು ಎಂಡಿಎಸ್ ಸೇರಿದ್ದು 1994ರಲ್ಲಿ. ಲೈಬ್ರರಿಗೆ ವಿದೇಶದ ಜರ್ನಲ್ ಅಂಚೆಯಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಅದೂ ಒಂದೇ ಪ್ರತಿ. ಬೇಕಾದ ಪುಟ ಝೆರಾಕ್ಸ್ ಮಾಡಿಸಿದರೆ ಫೋಟೋಗಳೆಲ್ಲ ಕಪ್ಪು ಮಸಿ. ದವಡೆ ಯಾವುದು, ನರ ಯಾವುದು, ಒಂದೂ ತಿಳಿಯುತ್ತಿರಲಿಲ್ಲ. ನಮ್ಮ ಸರ್ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಹಲ್ಲಿಗೆ ತಂತಿ ಕಟ್ಟುವುದನ್ನು ಪ್ಲಾಸ್ಟರ್ ಅಚ್ಚಿನ ಮೇಲೆ, 26 ಗೇಜ್ ತಂತಿಯಲ್ಲಿ, ಬೆರಳು ಚುಚ್ಚಿಸಿಕೊಂಡು ಕಲಿತೆವು. ಶನಿವಾರ ಮಟನ್ ಅಂಗಡಿಯಿಂದ ಆಡಿನ ತಲೆ ತಂದು ಅದರ ದವಡೆಗೆ ಡ್ರಿಲ್ ಹಿಡಿಯುತ್ತಿದ್ದೆವು. ಥಿಯೇಟರ್‌ನಲ್ಲಿ ನಿಂತರೆ ಎದುರಿಗೆ ಕಾಣುತ್ತಿದ್ದದ್ದು ಸೀನಿಯರ್‌ಗಳ ಬೆನ್ನು. ಬಾಯಿ ಅನ್ನುವುದು ಸಣ್ಣ ಜಾಗ. ಇಬ್ಬರು ಬಗ್ಗಿದರೆ ಮೂರನೆಯವರಿಗೆ ಏನೂ ಕಾಣದು.

ಹಾಗಾಗಿ ಯೂಟ್ಯೂಬ್ ನಮ್ಮ ವಿಭಾಗಕ್ಕೆ ಮಾಡಿದ ಉಪಕಾರ ದೊಡ್ಡದು ಅಂತ ಮನಸಾರೆ ಹೇಳುತ್ತೇನೆ. ಸರ್ಜನ್ ತಲೆಗೆ ಕಟ್ಟಿಕೊಂಡ ಕ್ಯಾಮೆರಾ ಅವರಿಗೆ ಕಂಡದ್ದನ್ನೇ ನಮಗೂ ತೋರಿಸುತ್ತೆ. ಸ್ವಿಟ್ಜರ್ಲೆಂಡ್‌ನ ಎಒ ಫೌಂಡೇಶನ್ ತನ್ನ ಸರ್ಜರಿ ರೆಫರೆನ್ಸ್ ಅನ್ನು ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿದೆ. ಯಾವ ಮುರಿತಕ್ಕೆ ಯಾವ ಕಡೆಯಿಂದ ಹೋಗಬೇಕು, ಮುರಿದ ಎಲುಬನ್ನು ಹಿಡಿದಿಡುವ ಪ್ಲೇಟ್ ಎಲ್ಲಿ ಕೂರಬೇಕು, ಎಲ್ಲಾ ಚಿತ್ರ ಸಮೇತ ಇದೆ. ನಿಮ್ಮ ಮಗ ಅದನ್ನು ನೋಡುತ್ತಿದ್ದರೆ ನೋಡಲಿ.

ಇನ್ನು ವಿಡಿಯೋದಲ್ಲಿ ಕಾಣದ ಸಂಗತಿ. ಒಂದೇ ಉದಾಹರಣೆ ಹೇಳುತ್ತೇನೆ. ದವಡೆಯ ಮೂಲೆ ಮುರಿದಾಗ ಕೆಲವು ಸಲ ಹೊರಗಿನಿಂದ, ಕುತ್ತಿಗೆಯ ಕಡೆಯಿಂದ ಕೊಯ್ದು ಹೋಗಬೇಕಾಗುತ್ತೆ. ಆಗ ದವಡೆಯ ಕೆಳ ಅಂಚಿಗಿಂತ ಸುಮಾರು 2 ಸೆಂಟಿಮೀಟರ್ ಕೆಳಗೆ ಕೊಯ್ಯುತ್ತೇವೆ. ಯಾಕೆ ಅಷ್ಟು ಕೆಳಗೆ? ಕೆಳತುಟಿಯನ್ನು ಆಡಿಸುವ ಒಂದು ಎಳೆಯಂಥ ನರ ಆ ಅಂಚಿನ ಹತ್ತಿರವೇ ಹಾದು ಹೋಗುತ್ತೆ. ಡಿಂಗ್‌ಮನ್ ಮತ್ತು ಗ್ರಾಬ್ ಅನ್ನುವ ಇಬ್ಬರು ಸರ್ಜನ್‌ಗಳು ಶವಗಳ ಮುಖ ಬಿಡಿಸಿ ಆ ನರದ ದಾರಿ ಹುಡುಕಿದರು. 1962ರಲ್ಲಿ ಅದನ್ನು ಪ್ರಕಟಿಸಿದರು. ಮುಖದ ಅಪಧಮನಿ, ಅಂದರೆ ಮುಖಕ್ಕೆ ರಕ್ತ ಒಯ್ಯುವ ನಾಳ, ಅದರ ಹಿಂದಿನ ಭಾಗದಲ್ಲಿ ನೂರಕ್ಕೆ 81ರಷ್ಟು ಕಡೆ ನರ ದವಡೆಯ ಅಂಚಿಗಿಂತ ಮೇಲೇ ಇತ್ತು. ಉಳಿದ 19ರಲ್ಲಿ ಕೆಳಗೆ ಇಳಿದಿತ್ತು. ಟೇಬಲ್ ಮೇಲೆ ಮಲಗಿರುವ ರೋಗಿ ಆ 19ರಲ್ಲಿ ಒಬ್ಬರಾ ಅಂತ ಮೊದಲೇ ಹೇಳಲು ಬರುವುದಿಲ್ಲ. ನರಕ್ಕೆ ಪೆಟ್ಟಾದರೆ ಅವರು ನಕ್ಕಾಗ ತುಟಿ ಸೊಟ್ಟಗಾಗುತ್ತೆ.

ಈಗ ವಿಡಿಯೋ ನೋಡಿ. ಕೊಯ್ತ ಐದು ಸೆಕೆಂಡ್. ಮರುಕ್ಷಣ ಬಿಳಿ ಎಲುಬು. ನಡುವೆ ನರ ಹುಡುಕುತ್ತಾ ಕಳೆದ ಹೊತ್ತು, ಅನುಮಾನ ಬಂದು ನಿಂತ ಕೈ, ಒರೆಸಿದ ರಕ್ತ, ಎಲ್ಲವನ್ನೂ ಕತ್ತರಿಸಿ ತೆಗೆದಿರುತ್ತಾರೆ. ಕಲಿಯುವವನಿಗೆ ಬೇಕಾದ್ದು ಅದೇ ಹೊತ್ತು. ಆರು ತಿಂಗಳ ಮೇಲೆ ಆ ರೋಗಿಯ ತುಟಿ ಹೇಗಿದೆ ಅನ್ನುವುದನ್ನು ತೋರಿಸುವ ವಿಡಿಯೋ ನನಗೆ ಸಿಕ್ಕಿದ್ದು ತೀರಾ ಕಡಿಮೆ.

ನನ್ನ ಕೈಕೆಳಗಿನ ಹುಡುಗರಿಗೆ ನಾನು ಮಾಡಿಸುವುದು ಇಷ್ಟು. ರಾತ್ರಿ ವಿಡಿಯೋ ನೋಡಿ. ಬೆಳಿಗ್ಗೆ ಬೋರ್ಡಿನ ಮುಂದೆ ನಿಂತು ನೆನಪಿನಿಂದ ಬರೆದು ತೋರಿಸಿ. ಪ್ರತಿ ಹೆಜ್ಜೆಗೂ ನಾನು "ಯಾಕೆ?" ಅನ್ನುತ್ತೇನೆ. ಮೂರು "ಯಾಕೆ"ಗೆ ಉತ್ತರ ಬಂದರೆ ಆ ದಿನ ನನ್ನ ಎದುರು ನಿಂತು ಅಸಿಸ್ಟ್ ಮಾಡಬಹುದು. ನೀವೂ ಮನೆಯಲ್ಲಿ ಇದನ್ನೇ ಮಾಡಿ. ಊಟ ಆದ ಮೇಲೆ, "ಇವತ್ತ ಏನ್ ನೋಡಿದಿ, ನನಗ ತಿಳಿಯೋ ಹಂಗ ಹೇಳಪಾ" ಅನ್ನಿ. ನಿಮಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿದರೆ ಓದಿದ್ದಾನೆ. ತಡವರಿಸಿದರೆ ಸುಮ್ನೆ ನೋಡಿದ್ದಾನೆ. ಊಟದ ಹೊತ್ತಿಗಂತೂ ಫೋನು ಬೇಡ. ಅದನ್ನು ನೀವು ಗಟ್ಟಿಯಾಗಿಯೇ ಹೇಳಿ.

*

ಹಲ್ಲಿನ ಡಾಕ್ಟರು ಮುಖದ ಎಲುಬಿನ ಆಪರೇಷನ್ ಮಾಡಬಹುದಾ? ನಮ್ಮ ಓಣಿಯಲ್ಲಿ ಇದರ ಬಗ್ಗೆ ವಾದವೇ ಆಯಿತು.
— ನಿವೃತ್ತ ಶಿಕ್ಷಕರು, ರಾಣೆಬೆನ್ನೂರು

ಬಿಡಿಎಸ್, ಅಂದರೆ ದಂತವೈದ್ಯ ಪದವಿ, ಓದಿದ ಮೇಲೆ ಬಾಯಿ-ದವಡೆ-ಮುಖದ ಸರ್ಜರಿಯಲ್ಲೇ ಮೂರು ವರ್ಷ ಎಂಡಿಎಸ್ ಮಾಡಿದವರು ಮಾಡುತ್ತಾರೆ ಗುರುಗಳೇ. ಅದು ಅವರ ಕೆಲಸವೇ. ದವಡೆ ಮುರಿತ, ಸೀಳುತುಟಿ, ದವಡೆಯ ಗಡ್ಡೆ, ಮುಂದೆ ಬಂದ ಅಥವಾ ಹಿಂದೆ ಸರಿದ ದವಡೆ ಸರಿ ಮಾಡುವುದು, ಎಲ್ಲಾ ಇದರಲ್ಲಿ ಬರುತ್ತೆ. ಬ್ರಿಟನ್‌ನಲ್ಲಿ ಇದಕ್ಕೆ ದಂತವೈದ್ಯ ಪದವಿ, ವೈದ್ಯ ಪದವಿ ಎರಡೂ ಬೇಕು. ನಮ್ಮಲ್ಲಿ ಹಾಗಿಲ್ಲ. ಮುಖದ ಎಲುಬು ಕೂಡಿಸುವಾಗ ನಮಗೆ ದಿಕ್ಕು ತೋರಿಸುವುದೇ ಹಲ್ಲು. ಮೇಲಿನ ಹಲ್ಲು, ಕೆಳಗಿನ ಹಲ್ಲು ಮೊದಲಿನ ಹಾಗೆ ಕೂಡಿದರೆ ಎಲುಬು ಸರಿಯಾಗಿ ಕೂತಿದೆ ಅಂತ ತಿಳಿಯುತ್ತೇವೆ. ಹಲ್ಲಿನವರ ಕೈಗೆ ಈ ಕೆಲಸ ಬಂದದ್ದು ಹಾಗೆ.

*

ನಾನು ಎಂಡಿಎಸ್ ಎರಡನೇ ವರ್ಷ. ರಾತ್ರಿ ಆಕ್ಸಿಡೆಂಟ್ ಕೇಸ್ ಬಂದರೆ ಸಿಟಿ ಸ್ಕ್ಯಾನ್ ಫೋಟೋ ತೆಗೆದು ವಿಭಾಗದ ವಾಟ್ಸಾಪ್ ಗ್ರೂಪ್‌ಗೆ ಹಾಕುತ್ತೇವೆ. ಸೀನಿಯರ್‌ಗಳು ಅಲ್ಲೇ ಉತ್ತರ ಕೊಡುತ್ತಾರೆ. ತುಂಬಾ ಕಲಿಯುತ್ತಿದ್ದೇನೆ ಅನ್ನಿಸುತ್ತೆ. ಆದರೂ ಒಂದೊಂದು ಸಲ ಭಯ ಆಗುತ್ತೆ.
— ಹೆಸರು ಬೇಡ, ಹುಬ್ಬಳ್ಳಿ

ನಿಮ್ಮ ಭಯ ಒಳ್ಳೆಯ ಭಯ. ಅದನ್ನು ಬಿಡಬೇಡಿ.

ಹೈವೇ ಮೇಲಿನ ಊರು ನಮ್ಮದು. ರಾತ್ರಿ ಎಷ್ಟು ಮುಖ ಒಡೆದು ಬರುತ್ತವೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಹೆಲ್ಮೆಟ್ ಹ್ಯಾಂಡಲ್‌ಗೆ ತೂಗು ಹಾಕಿಕೊಂಡು ಬಂದವರೇ ಜಾಸ್ತಿ. ಹಿಂದೆ ಎರಡು ಗಂಟೆ ರಾತ್ರಿಯಲ್ಲಿ ಸೀನಿಯರ್ ಮನೆಗೆ ಲ್ಯಾಂಡ್‌ಲೈನ್ ಮಾಡಿ, ಎಕ್ಸ್‌ರೇಯಲ್ಲಿ ಕಂಡದ್ದನ್ನು ಬಾಯಲ್ಲಿ ಹೇಳುತ್ತಿದ್ದೆವು. ಈಗ ಅವರೇ ನೋಡುತ್ತಾರೆ. ಗ್ರೂಪ್‌ನಲ್ಲಿ ಇರುವ ಹತ್ತು ಜನರೂ ಒಂದು ಕೇಸಿನಿಂದ ಕಲಿಯುತ್ತಾರೆ. ಒಳ್ಳೆಯದೇ.

ಆದರೆ ಒಂದು ರಾತ್ರಿ ನನಗೆ ಮರೆಯಲು ಆಗಿಲ್ಲ. ಕಲಘಟಗಿ ಕಡೆಯ ಒಂಬತ್ತು ವರ್ಷದ ಹುಡುಗ. ಕ್ರಿಕೆಟ್ ಚೆಂಡು ಕಣ್ಣಿನ ಹತ್ತಿರ ಬಡಿದಿತ್ತು. ಕಣ್ಣು ಕೆಂಪಾಗಿರಲಿಲ್ಲ. ಊತ ಇರಲಿಲ್ಲ. ವಾಂತಿ ಮಾತ್ರ ನಿಲ್ಲುತ್ತಿರಲಿಲ್ಲ. ತಲೆಗೆ ಪೆಟ್ಟು ಬಿದ್ದಿರಬೇಕು ಅಂತ ಎಲ್ಲರೂ ಅಂದುಕೊಂಡರು. ಗ್ರೂಪ್‌ಗೆ ಒಂದೇ ಒಂದು ಸಿಟಿ ಫೋಟೋ ಬಂತು. ನೋಡಿದ ನಾವೆಲ್ಲ "ಮುರಿತ ಕಾಣುತ್ತಿಲ್ಲ, ಬೆಳಿಗ್ಗೆ ನೋಡೋಣ" ಅಂತ ಬರೆದೆವು. ನಾನೂ ಬರೆದೆ. ಡ್ಯೂಟಿಯಲ್ಲಿದ್ದ ಮೊದಲ ವರ್ಷದ ಹುಡುಗಿಗೆ ಸಮಾಧಾನ ಆಗಲಿಲ್ಲ. ಹುಡುಗನ ಮುಂದೆ ಬೆರಳು ಹಿಡಿದು, "ಮ್ಯಾಲ ನೋಡಪಾ" ಅಂದಳು. ಒಂದು ಕಣ್ಣು ಮೇಲೆ ಹೋಯಿತು. ಇನ್ನೊಂದು ಹೋಗಲಿಲ್ಲ. ಮೇಲೆ ನೋಡಲು ಹೋದಾಗಲೆಲ್ಲ ನಾಡಿ ಇಳಿಯುತ್ತಿತ್ತು. ಅವಳು ಮೆಸೇಜ್ ಮಾಡಲಿಲ್ಲ. ನನಗೆ ನೇರ ಫೋನ್ ಮಾಡಿದಳು.

ಮಕ್ಕಳ ಎಲುಬು, ಕಣ್ಣಿನ ಗೂಡಿನ ತಳದ ಎಲುಬು ಕೂಡ, ಹಸಿ ಕಡ್ಡಿಯ ಹಾಗೆ. ಬಾಗುತ್ತೆ, ಬಿರಿಯುತ್ತೆ, ಮತ್ತೆ ವಾಪಸ್ ಕೂತುಬಿಡುತ್ತೆ. ಕೂರುವಾಗ ಕಣ್ಣನ್ನು ಆಡಿಸುವ ಸ್ನಾಯುವನ್ನು ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕಿಸಿದ ಹಾಗೆ ಹಿಡಿದುಬಿಡುತ್ತೆ. ವಾಂತಿ, ನಾಡಿ ಇಳಿಯುವುದು ಎರಡೂ ಅದರಿಂದಲೇ. ಬೇಗ ಬಿಡಿಸದಿದ್ದರೆ ಸ್ನಾಯು ಸಾಯುತ್ತೆ, ಹುಡುಗನಿಗೆ ಬದುಕಿಡೀ ಒಂದು ವಸ್ತು ಎರಡಾಗಿ ಕಾಣಬಹುದು. ಅದೇ ರಾತ್ರಿ ಆಪರೇಷನ್ ಮಾಡಿದೆವು. ಹುಡುಗ ಈಗ ಚೆನ್ನಾಗಿದ್ದಾನೆ. ಫೋಟೋ ನೋಡಿ ಉತ್ತರ ಬರೆದ ನಾವು ಸೀನಿಯರ್‌ಗಳೆಲ್ಲ ತಪ್ಪಿದ್ದೆವು. ಮಗುವಿನ ಮುಂದೆ ಕೂತಿದ್ದ ಎಲ್ಲರಿಗಿಂತ ಚಿಕ್ಕವಳು ಸರಿಯಾಗಿದ್ದಳು.

ಅಂದಿನಿಂದ ನಮ್ಮ ಗ್ರೂಪ್‌ನಲ್ಲಿ ಚಿತ್ರಕ್ಕಿಂತ ಮೊದಲು ಬರಹ ಬರಬೇಕು. ವಯಸ್ಸು ಎಷ್ಟು. ಪೆಟ್ಟು ಬಿದ್ದು ಎಷ್ಟು ಹೊತ್ತಾಯಿತು. ಉಸಿರಾಟ ಹೇಗಿದೆ. ಪ್ರಜ್ಞೆ ತಪ್ಪಿತ್ತಾ. ಎರಡೂ ಕಣ್ಣು ಕಾಣುತ್ತಾ, ನಾಲ್ಕೂ ಕಡೆ ತಿರುಗುತ್ತಾ. ರೋಗಿಯನ್ನು "ಹಲ್ಲು ಮೊದಲಿನಂಗ ಕೂಡ್ತಾವೇನ್ರಿ?" ಅಂತ ಕೇಳಿದ್ದೀರಾ, ಅವರು ಏನಂದರು. ಇಷ್ಟು ಬರೆಯಬೇಕಾದರೆ ರೋಗಿಯ ಹತ್ತಿರ ಹೋಗಲೇಬೇಕು.

ಸಿಟಿಯನ್ನು ಒಂದು ಫೋಟೋದಲ್ಲಿ ಕಳಿಸಬೇಡಿ. ಮಾನಿಟರ್ ಮೇಲೆ ಮೂರೂ ದಿಕ್ಕಿನ ಚಿತ್ರಗಳನ್ನು ನಿಧಾನ ಸರಿಸುತ್ತಾ ವಿಡಿಯೋ ತೆಗೆಯಿರಿ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತೆ, ಕೂದಲೆಳೆಯಂಥ ಬಿರುಕು ಅದರಲ್ಲಿ ಮಾಯ. ಫೋಟೋ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮೂಲೆಯಲ್ಲಿ ರೋಗಿಯ ಹೆಸರು, ನಂಬರ್ ಇರುತ್ತೆ. ಅದು ಫ್ರೇಮಿನೊಳಗೆ ಬರಬಾರದು. ಇನ್ನೊಂದು ಮಾತು. ಯಾರೋ ಹೆಬ್ಬೆರಳ ಚಿತ್ರ ಒತ್ತಿದರೆ ಅದನ್ನು ಒಪ್ಪಿಗೆ ಅಂತ ಕೇಸ್ ಶೀಟ್‌ನಲ್ಲಿ ಬರೆಯಬೇಡಿ. ಫೋನ್ ಮಾಡಿ, ಮಾತಾಡಿ, ಯಾರು ಏನು ಹೇಳಿದರು, ಎಷ್ಟು ಗಂಟೆಗೆ ಅಂತ ಬರೆದಿಡಿ. ರಾತ್ರಿ ನಿದ್ದೆ ಕೆಡಿಸಿದಿರಿ ಅಂತ ಸೀನಿಯರ್ ಬೈದರೆ ಬೈಯಲಿ.

*

ನಾನು ಬ್ಯಾಡಗಿ ಮಾರ್ಕೆಟ್‌ನಲ್ಲಿ ಹಮಾಲಿ ಮಾಡುವವನು. ಬೈಕ್‌ನಿಂದ ಬಿದ್ದು ದವಡೆ ಮುರಿದಿತ್ತು. ಡಾಕ್ಟರು ಫೋಟೋ ತೆಗೆದು, ಕಲಿಯೋ ಹುಡುಗರಿಗೆ ತೋರಿಸ್ತೀವಿ, ನೆಟ್‌ನಲ್ಲೂ ಹಾಕಬಹುದು, ಸಹಿ ಮಾಡಿ ಅಂದರು. ಮಾಡಿದೆ. ಈಗ ಮನಸ್ಸಿಗೆ ಕಸಿವಿಸಿ. ಬೇಡ ಅನ್ನಬಹುದಾ? ಅಂದರೆ ಮುಂದಿನ ಚಿಕಿತ್ಸೆಗೆ ತೊಂದರೆ ಆಗುತ್ತಾ?
— ಹಾವೇರಿ ಜಿಲ್ಲೆಯ ಓದುಗ

ಬೇಡ ಅನ್ನಬಹುದು ಅಣ್ಣಾ. ಇವತ್ತೇ ಅನ್ನಬಹುದು. ಚಿಕಿತ್ಸೆಗೆ ಕೊಟ್ಟ ಸಹಿ ಬೇರೆ, ಫೋಟೋಕ್ಕೆ ಕೊಟ್ಟ ಸಹಿ ಬೇರೆ. ಫೋಟೋ ಬೇಡ ಅಂದದ್ದಕ್ಕೆ ಚಿಕಿತ್ಸೆಯಲ್ಲಿ ಕೂದಲಷ್ಟೂ ಕಡಿಮೆ ಮಾಡುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಮಾತಿದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು ಅಂತ. ಒಂದು ಹಾಳೆಯಲ್ಲಿ "ನನ್ನ ಫೋಟೋ ಬಳಸಲು ಕೊಟ್ಟ ಒಪ್ಪಿಗೆ ವಾಪಸ್ ಪಡೆಯುತ್ತಿದ್ದೇನೆ, ಹಾಕಿದ್ದರೆ ತೆಗೆಯಿರಿ" ಅಂತ ಬರೆದು, ತಾರೀಖು ಹಾಕಿ, ಒಂದು ಪ್ರತಿ ಕೊಟ್ಟು ಇನ್ನೊಂದರ ಮೇಲೆ ಅವರ ಸಹಿ ತಗೊಳ್ಳಿ.

ನಿಮ್ಮ ಕಸಿವಿಸಿ ನನಗೆ ಅರ್ಥವಾಗುತ್ತೆ. ಯಾಕೆ ಅಂದರೆ ಇಂಥ ತಪ್ಪು ನನ್ನಿಂದಲೇ ಆಗಿದೆ.

ಸುಮಾರು 2016ರ ಮಾತು. ನವಲಗುಂದ ಕಡೆಯ ಹಳ್ಳಿಯ ಹುಡುಗಿ, ಕಾಲೇಜು ಓದುತ್ತಿದ್ದಳು. ಸ್ಕೂಟಿಯಿಂದ ಬಿದ್ದು ದವಡೆ ಎರಡು ಕಡೆ ಮುರಿದಿತ್ತು. ಒಳ್ಳೆಯ ಪಾಠದ ಕೇಸ್. ಆಪರೇಷನ್‌ಗೆ ಮೊದಲಿನ ಫೋಟೋ, ಹಲ್ಲಿಗೆ ತಂತಿ ಕಟ್ಟಿದ ಫೋಟೋ, ಆಮೇಲಿನ ಫೋಟೋ, ಎಲ್ಲವನ್ನೂ ಕಲಿಯುವವರ ಗ್ರೂಪ್‌ಗೆ ಹಾಕಿದೆ. ಸುಮಾರು ಅರವತ್ತು ಜನ ಇದ್ದರು. ಕಣ್ಣಿಗೆ ಕಪ್ಪು ಪಟ್ಟಿ ಹಾಕಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಯಾರೋ ಒಬ್ಬರು ಮುಂದೆ ಕಳಿಸಿದರು. ಅಲ್ಲಿಂದ ಎಲ್ಲೆಲ್ಲಿ ಹೋಯಿತೋ.

ಮೂರು ವಾರದ ಮೇಲೆ ಅವಳ ತಂದೆ ಬಂದರು. ಟವೆಲ್‌ನಲ್ಲಿ ಸುತ್ತಿಕೊಂಡಿದ್ದ ಫೋನ್ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಡಾಕ್ಟರ್ರ, ನನ್ನ ಮಗಳ ಫೋಟೋ ನಮ್ಮ ಬೀಗರ ಫೋನಿನ್ಯಾಗ ಬಂದೈತ್ರಿ. ಕಣ್ಣಿಗೆ ಕರೇ ಪಟ್ಟಿ ಹಾಕೀರಿ, ಖರೆ. ಆದ್ರ ಹುಡುಗೀನ ಬಲ್ಲವರಿಗೆ ಆಕಿ ಗದ್ದ ಗುರ್ತ ಸಿಗಂಗಿಲ್ಲೇನ್ರಿ?" ಅಂದರು. ಜೋರು ಮಾಡಲಿಲ್ಲ. ಅವರು ಜೋರು ಮಾಡಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತೇನೋ. ಹುಡುಗಿ ಕಾಲೇಜಿಗೆ ಹೋಗುವುದು ಬಿಟ್ಟಿದ್ದಳು. ಆ ಭಾನುವಾರ ನಾನು ಅವರ ಊರಿಗೆ ಹೋದೆ. ಅವಳ ತಾಯಿ ಚಹಾ ಕೊಟ್ಟರು. ಹುಡುಗಿ ನನ್ನ ಕಡೆ ನೋಡಲಿಲ್ಲ. ನಾನು ತಪ್ಪಾಯಿತು ಅಂದೆ. ಗ್ರೂಪ್‌ನಿಂದ ಅಳಿಸಿಸಿದ್ದೆ, ಆದರೆ ಮುಂದೆ ಹೋದದ್ದನ್ನು ಅಳಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಅದನ್ನೂ ಅವರಿಗೆ ಹೇಳಿದೆ.

ಕೈ ಮುರಿದವರ ಎಕ್ಸ್‌ರೇ ಹಾಕಿದರೆ ಅದು ಯಾರ ಕೈ ಅಂತ ಊರಿನವರಿಗೆ ಗೊತ್ತಾಗದು. ನಮ್ಮಲ್ಲಿ ಕೇಸ್ ಅಂದರೇ ಮುಖ. ಕಲಿಸಲು ಯಾವುದನ್ನು ತೋರಿಸಬೇಕೋ ಅದರಲ್ಲೇ ಆ ಮನುಷ್ಯರ ಗುರುತೂ ಇದೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಕಣ್ಣಿಗೆ ಪಟ್ಟಿ ಹಾಕಿದರೆ ಸಾಲದು ಅಂತ ಸ್ಪಷ್ಟವಾಗಿ ಬರೆದಿದೆ. ನಾನು ಅದನ್ನು ಓದಿದ್ದು ಆ ತಂದೆ ಬಂದು ಹೋದ ಮೇಲೆ. ಸಿಟಿ ಸ್ಕ್ಯಾನ್‌ಗೂ ಇದು ಅನ್ವಯಿಸುತ್ತೆ. ಅದರ ತ್ರೀಡಿ ಚಿತ್ರದಲ್ಲಿ ಚರ್ಮ ಸಮೇತ ಮೂಗು, ತುಟಿ, ಗದ್ದ ಎದ್ದು ಕಾಣುತ್ತೆ.

ಈಗ ನಮ್ಮಲ್ಲಿ ಸ್ವಂತ ಫೋನ್‌ನಲ್ಲಿ ರೋಗಿಯ ಫೋಟೋ ತೆಗೆಯುವಂತಿಲ್ಲ. ಫೋನ್‌ನಲ್ಲಿ ತೆಗೆದದ್ದು ಗ್ಯಾಲರಿಗೆ, ಅಲ್ಲಿಂದ ಗೂಗಲ್ ಫೋಟೋಸ್‌ಗೆ ಹೋಗಿ ಕೂರುತ್ತೆ, ಮನೆಯ ಮಕ್ಕಳ ಕೈಗೂ ಸಿಗುತ್ತೆ. ವಿಭಾಗದ ಒಂದು ಕ್ಯಾಮೆರಾ ಇದೆ, ಅದರ ಕಾರ್ಡ್ ವಿಭಾಗ ಬಿಟ್ಟು ಹೋಗುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿದೆ. ಓದಲು ಬಾರದವರಿಗೆ ಓದಿ ಹೇಳುತ್ತೇವೆ. ಕೇಸ್ ಶೀಟ್‌ಗೆ ಮಾತ್ರವಾ, ತರಗತಿಗಾ, ಜರ್ನಲ್‌ಗಾ, ಇಂಟರ್‌ನೆಟ್‌ಗಾ ಅಂತ ನಾಲ್ಕು ಬೇರೆ ಬೇರೆ ಸಾಲುಗಳಿವೆ. ನಾಲ್ಕಕ್ಕೂ ಬೇರೆ ಬೇರೆ ಸಹಿ. ನೋವಿನಲ್ಲಿ ಮಲಗಿರುವಾಗ ಕೇಳುವುದಿಲ್ಲ, ಊತ ಇಳಿದು ಅಂಬಲಿ ಬಿಟ್ಟು ಅನ್ನ ತಿನ್ನಲು ಶುರು ಮಾಡಿದ ಮೇಲೆ ಕೇಳುತ್ತೇವೆ. ಹೊರಗೆ ಹೋಗುವ ಚಿತ್ರವನ್ನು ಬಾಯಿಯ ಒಳಭಾಗ ಮಾತ್ರ ಉಳಿಯುವ ಹಾಗೆ ಕತ್ತರಿಸಿ ಮೊದಲು ಅವರಿಗೇ ತೋರಿಸುತ್ತೇವೆ. ಸುಮಾರು ಜನ ಒಪ್ಪುತ್ತಾರೆ. "ಹುಡುಗ್ರು ಕಲೀಲಿ ಬಿಡ್ರಿ" ಅಂತಾರೆ. ಬೇಡ ಅಂದವರನ್ನು ಎರಡನೇ ಸಲ ಕೇಳುವುದಿಲ್ಲ.

*

ನಾನು ಹೌಸ್ ಸರ್ಜನ್, ಬಿಡಿಎಸ್‌ನ ಕೊನೆಯ ತರಬೇತಿ ವರ್ಷದಲ್ಲಿದ್ದೇನೆ. ಮುಂದೆ ಓರಲ್ ಸರ್ಜರಿ ಮಾಡುವ ಆಸೆ. ಗೆಳೆಯರೆಲ್ಲ ಇನ್‌ಸ್ಟಾಗ್ರಾಂನಲ್ಲಿ ಕೇಸ್‌ಗಳ ರೀಲ್ಸ್ ಹಾಕುತ್ತಾರೆ. ನಾನೂ ಒಂದು ಪೇಜ್ ಶುರು ಮಾಡಲಾ?
— ಧಾರವಾಡ

ರೋಗಿಗಳ ಕೇಸ್ ಹಾಕಲು ಆದರೆ ಬೇಡ. ಅವು ನಿಮ್ಮ ಕೇಸ್‌ಗಳಲ್ಲ, ನೀವು ಕಲಿಯಲು ನಿಂತ ಜಾಗದವು. ರೋಗಿಗಳನ್ನು ಸೆಳೆಯಲು ಜಾಹೀರಾತು ಮಾಡಿಕೊಳ್ಳುವುದನ್ನು ದಂತವೈದ್ಯರ ನೀತಿ ಸಂಹಿತೆ ಒಪ್ಪುವುದಿಲ್ಲ. ಚೆನ್ನಾಗಿ ಆದ ಕೇಸ್‌ಗಳನ್ನೇ ಹಾಕುತ್ತಾ ಹೋದರೆ ಇನ್ನೂ ಒಂದು ಕೆಡುಕಿದೆ. ಆರಿಸಿ ಹಾಕಿದ್ದನ್ನೇ ದಿನಾ ನೋಡಿ, ಎಲ್ಲರ ಕೈಯೂ ನನ್ನ ಕೈಗಿಂತ ಚೆನ್ನಾಗಿದೆ ಅಂತ ನನ್ನ ಹತ್ತಿರ ಬಂದು ಅತ್ತ ಹುಡುಗರಿದ್ದಾರೆ. ಅವರಲ್ಲಿ ಇಬ್ಬರು ಈಗ ಬಹಳ ಒಳ್ಳೆಯ ಸರ್ಜನ್‌ಗಳು.

ಪೇಜ್ ಮಾತ್ರ ಶುರು ಮಾಡಿ. ನಿಮ್ಮದೇ ಕೈ ತೋರಿಸಿ. ಪ್ಲಾಸ್ಟರ್ ಅಚ್ಚಿನ ಮೇಲೆ ತಂತಿ ಕಟ್ಟುವುದು, ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ ಹಾಕುವುದು, ನೀವೇ ಬರೆದ ದವಡೆಯ ಚಿತ್ರ. ತಪ್ಪಿದ ಗಂಟನ್ನೂ ಹಾಕಿ, ಯಾಕೆ ಜಾರಿತು ಅಂತ ಹೇಳಿ. ಬೇರೆ ಊರಿನ ಯಾರೋ ಸೀನಿಯರ್ ತಿದ್ದುತ್ತಾರೆ. ಆ ತಿದ್ದುವಿಕೆಯೇ ನಿಮಗೆ ಸಿಗುವ ಲಾಭ.

ಇನ್ನೊಂದು ಕೆಲಸ ಕನ್ನಡದಲ್ಲಿ ಯಾರಾದರೂ ಮಾಡಲಿ ಅಂತ ನನಗೆ ಬಹಳ ಆಸೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಅಂಗೈಯಲ್ಲಿ ಬೆರೆಸುತ್ತಾರೆ. ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ ಹುಡುಗರು ಬಾಯಿ ತೆರೆಯಲು ಆಗದೆ ನಮ್ಮ ಓಪಿಡಿಗೆ ಬರುತ್ತಾರೆ. ಅಡಿಕೆಯಿಂದ ಕೆನ್ನೆಯ ಒಳಪದರ ಹಗ್ಗದ ಹಾಗೆ ಬಿಗಿಯುತ್ತೆ. ರೊಟ್ಟಿ ತಿಂದರೆ ಉರಿ, ಖಾರ ತಾಗಿದರೆ ಕಣ್ಣಲ್ಲಿ ನೀರು. ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಆಗಬಹುದು. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ತೋರಿಸಿ. "ನಿಮಗ ಮೂರ್ ಬಳ್ಳ ಹೋಗ್ತಾವ? ಎರಡೇ ಹೋಗ್ತಿದ್ರ ಇವತ್ತ ಚೀಟಿ ಬಿಡ್ರಿ, ಬಂದ್ ತೋರಿಸ್ರಿ" ಅಂತ ನಮ್ಮ ಭಾಷೆಯಲ್ಲೇ ಹೇಳಿ. ಒಂದು ನಿಮಿಷ ಸಾಕು. ಯಾರ ಮುಖವೂ ಬೇಡ, ನಿಮ್ಮದೊಂದೇ ಸಾಕು.

ಹಾಕುವ ಮೊದಲು ಆಸ್ಪತ್ರೆ ಗೇಟಿನ ಹೊರಗೆ ಚಹಾ ಮಾರುವವರಿಗೆ ತೋರಿಸಿ. ಅವರು "ಏನಂದ್ರಿ?" ಅಂತ ಕೇಳಿದ ಕಡೆ ನಿಲ್ಲಿಸಿ, ಅಲ್ಲಿಂದ ಮತ್ತೆ ಮಾಡಿ. ಆದ ಮೇಲೆ ಲಿಂಕ್ ನನಗೂ ಕಳಿಸಿ. ನಮ್ಮ ಓಪಿಡಿಯಲ್ಲಿ ಕಾಯುವ ಜಾಗದ ಟಿವಿಯಲ್ಲಿ ಹಾಕಿಸುತ್ತೇನೆ.